ಸಿಗರೇಟ್ ಬಿಟ್ಟರು, ರಕ್ತದಲ್ಲಿ ಔಷಧಿ ಏರಿತು: ಒಂದು ಕ್ಲೋಜಪೈನ್ ಪ್ರಕರಣ

ಮಾನಸಿಕ ಆರೋಗ್ಯ ಕ್ಲಿನಿಕ್‌ಗಳಲ್ಲಿ ಔಷಧಿ ಬರೆಯುವ ನರ್ಸ್ ಪ್ರಾಕ್ಟೀಷನರ್‌ಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದು ಯಾರೋ ಒಬ್ಬರ ಕಥೆಯಲ್ಲ. ಇದೇ ತೊಂದರೆ ಆದ ಕೆಲವರನ್ನು ಸೇರಿಸಿ, ಗುರುತು ಸಿಗದ ಹಾಗೆ ಒಬ್ಬ ರೋಗಿಯಾಗಿ ಮಾಡಿದ್ದೇನೆ.

ರೋಗಿಗೆ 43 ವರ್ಷ. ಸ್ಕಿಜೋಫ್ರೇನಿಯಾ ಶುರುವಾಗಿ ಹದಿನೆಂಟು ವರ್ಷ ಆಗಿದೆ. ಮೊದಲು ರಿಸ್ಪೆರಿಡೋನ್, ಆಮೇಲೆ ಓಲಾಂಜಪೈನ್, ಎರಡನ್ನೂ ಸರಿಯಾದ ಡೋಸ್‌ನಲ್ಲಿ ಸಾಕಷ್ಟು ವಾರ ಕೊಟ್ಟರೂ ಕಿವಿಯಲ್ಲಿ ಕೇಳುವ ದನಿಗಳು ನಿಂತಿರಲಿಲ್ಲ. ಬೇರೆ ಔಷಧಿಗೆ ಕಾಯಿಲೆ ಬಗ್ಗದಿದ್ದಾಗ ಕೊಡುವ ಕ್ಲೋಜಪೈನ್ ಶುರು ಮಾಡಿದ ಮೇಲೆ ನಿಂತವು. ಆರು ವರ್ಷದಿಂದ ಬೆಳಿಗ್ಗೆ 150, ರಾತ್ರಿ 300, ಒಟ್ಟು ದಿನಕ್ಕೆ 450 ಮಿಲಿಗ್ರಾಂ. ಅಕ್ಕನ ಮನೆಯಲ್ಲಿ ಇರುತ್ತಾರೆ, ಅರ್ಧ ದಿನದ ಕೆಲಸಕ್ಕೆ ಹೋಗುತ್ತಾರೆ, ಪ್ರತಿ ತಿಂಗಳು ರಕ್ತ ಪರೀಕ್ಷೆಗೆ ಬರುತ್ತಾರೆ. ಎಂಟು ತಿಂಗಳ ಹಿಂದೆ ರಕ್ತದಲ್ಲಿ ಕ್ಲೋಜಪೈನ್ ಮಟ್ಟ ನೋಡಿದಾಗ 420 ನ್ಯಾನೋಗ್ರಾಂ ಇತ್ತು. ಸಾಮಾನ್ಯವಾಗಿ ನಾವು ಬಯಸುವುದು ಒಂದು ಮಿಲಿಲೀಟರಿಗೆ 350ರಿಂದ 600, ಹಾಗಾಗಿ ಅದು ಒಳ್ಳೆಯ ಜಾಗದಲ್ಲೇ ಇತ್ತು.

ಈ ಸಲ ತಿಂಗಳ ಭೇಟಿಗೆ ಬರುವಾಗ ಕೈಯಲ್ಲಿ ಮನೆ ಡಾಕ್ಟರ ಚೀಟಿ ಇತ್ತು. "ಕಾಯಿಲೆ ಮರುಕಳಿಸಿರುವಂತೆ ಕಾಣುತ್ತದೆ, ಮಾತು ಕಡಿಮೆ, ಹಾಸಿಗೆ ಬಿಟ್ಟು ಏಳುವುದಿಲ್ಲ, ಕ್ಲೋಜಪೈನ್ ಏರಿಸುವ ಬಗ್ಗೆ ನೋಡಿ" ಅಂತ ಬರೆದಿದ್ದರು. ಅಕ್ಕನಿಗೂ ಅದೇ ಭಯ. "ಸಿಸ್ಟರ್, ಇವನಿಗೆ ಮತ್ತೆ ಶುರುವಾಯ್ತಾ? ಹಗಲೆಲ್ಲ ನಿದ್ದೆ. ಊಟಕ್ಕೆ ಕೂರಿಸಿದ್ರೆ ತೂಕಡಿಸ್ತಾನೆ. ಮೊನ್ನೆಯಿಂದ ಎರಡು ಸಲ ಲೋಟ ಬೀಳಿಸಿದ, ಕೇಳಿದ್ರೆ ಕೈ ತಾನಾಗೇ ಹೋಯ್ತು ಅಂತಾನೆ."

ಕೈ ತಾನಾಗೇ ಹೋಯ್ತು. ಈ ಮಾತನ್ನು ನಾನು ಬಿಡಲಿಲ್ಲ. ಎರಡೂ ಕೈ ಮುಂದೆ ಚಾಚಿ ಹಿಡಿಯಲು ಹೇಳಿ ಒಂದು ನಿಮಿಷ ಸುಮ್ನೆ ನೋಡುತ್ತಾ ಕೂತೆ. ಸಣ್ಣ ನಡುಕ ಇರಲಿಲ್ಲ. ಆದರೆ ನಡುವೆ ಒಂದು ಸಲ ಬಲಗೈ ಛಕ್ ಅಂತ ಎಳೆದು ಮತ್ತೆ ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಭುಜವೂ ಹಾಗೇ ಎಗರಿತು. ಇದು ಮಯೋಕ್ಲೋನಸ್. ಕ್ಲೋಜಪೈನ್ ತೆಗೆದುಕೊಳ್ಳುವವರಲ್ಲಿ ಹೊಸದಾಗಿ ಹೀಗೆ ಕಂಡರೆ ಫಿಟ್ಸ್ ಬರುವ ಮುನ್ಸೂಚನೆ ಇರಬಹುದು ಅಂತಲೇ ನೋಡಬೇಕು. ಮರುಕಳಿಸಿದ ಸ್ಕಿಜೋಫ್ರೇನಿಯಾದಲ್ಲಿ ಲೋಟ ಹೀಗೆ ಕೈಯಿಂದ ಹಾರುವುದಿಲ್ಲ.

ಮಾತು ತೊದಲುತ್ತಿತ್ತು, ಆದರೆ ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ಟರು. ದನಿಗಳು ಕೇಳುತ್ತಿವೆಯಾ ಅಂದರೆ ಇಲ್ಲ ಅಂದರು. ಯಾರ ಮೇಲೂ ಅನುಮಾನ ಇರಲಿಲ್ಲ. ದಿಂಬು ರಾತ್ರಿ ಪೂರ್ತಿ ಜೊಲ್ಲಿನಿಂದ ಒದ್ದೆಯಾಗುತ್ತದೆ, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತದೆ ಅಂದರು. ಮಲಗಿದ್ದಾಗ ಬಿಪಿ 118/76, ನಿಲ್ಲಿಸಿ ಮೂರು ನಿಮಿಷಕ್ಕೆ 92/58. ನಾಡಿ 112. ಜ್ವರ ಇಲ್ಲ. ನಿದ್ದೆ, ಜೊಲ್ಲು, ತೊದಲು, ಬಿಪಿ ಇಳಿತ, ಎಳೆತ, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರೆ ಇದು ಔಷಧಿ ಸಾಲದ ಚಿತ್ರವಲ್ಲ, ಜಾಸ್ತಿಯಾದ ಚಿತ್ರ. ಚೀಟಿಯಲ್ಲಿ ಬರೆದಿದ್ದಕ್ಕೆ ನೇರ ಉಲ್ಟಾ.

ಹಾಗಾದರೆ ಜಾಸ್ತಿ ಮಾತ್ರೆ ನುಂಗಿದರಾ? ಇದನ್ನು ಕೇಳಲೇಬೇಕು, ಆದರೆ ಆರೋಪದ ದನಿಯಲ್ಲಿ ಅಲ್ಲ. ಅಕ್ಕ ಮಾತ್ರೆ ಡಬ್ಬಿ ತಂದಿದ್ದರು. ವಾರದ ಖಾನೆಗಳನ್ನು ಅವರ ಎದುರಿಗೇ ತೆರೆದು ಎಣಿಸಿದೆವು, ಲೆಕ್ಕ ಸರಿ ಇತ್ತು. ಸಾಯಬೇಕು ಅನ್ನಿಸುತ್ತಿದೆಯಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದರು, ಕಣ್ಣಲ್ಲಿ ಕಣ್ಣಿಟ್ಟು.

ಡೋಸ್ ಅದೇ, ಮಾತ್ರೆ ಅದೇ, ನುಂಗಿದ್ದು ಅಷ್ಟೇ. ಬದಲಾಗಿದ್ದು ಬೇರೆ ಏನೋ ಇರಬೇಕು. ಇಂಥ ಹೊತ್ತಲ್ಲಿ ನಾನು ಔಷಧಿ ಪಟ್ಟಿ ಪಕ್ಕಕ್ಕಿಟ್ಟು, ಕಳೆದ ತಿಂಗಳಿಂದ ಈಚೆಗೆ ಬದುಕಿನಲ್ಲಿ ಏನೇನು ಬದಲಾಯಿತು ಅಂತ ಕೇಳುತ್ತೇನೆ. ಹೊಸ ಮಾತ್ರೆ ಏನಾದರೂ ಬಂತಾ ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ. ಏನು ಬದಲಾಯಿತು ಅಂತ ಕೇಳಿದರೆ ಮಾತು ಶುರುವಾಗುತ್ತದೆ.

ಶುರುವಾಯಿತು. ಮೂರು ವಾರದ ಹಿಂದೆ ನ್ಯುಮೋನಿಯಾ ಆಗಿ ಆರು ದಿನ ಆಸ್ಪತ್ರೆಯಲ್ಲಿ ಇದ್ದರಂತೆ. ಅಲ್ಲಿ ಸೇದುವ ಹಾಗಿಲ್ಲ, ನಿಕೋಟಿನ್ ಪ್ಯಾಚ್ ಹಾಕಿದರು. ಮನೆಗೆ ಬಂದ ಮೇಲೂ ಮುಟ್ಟಲಿಲ್ಲ. "ಇವತ್ತಿಗೂ ಒಂದೂ ಸೇದಿಲ್ಲ ಸಿಸ್ಟರ್" ಅಂತ ಅಷ್ಟು ತೂಕಡಿಕೆಯ ನಡುವೆಯೂ ಹೆಮ್ಮೆಯಿಂದ ಹೇಳಿದರು. ಇಪ್ಪತ್ತು ವರ್ಷಕ್ಕೂ ಮೀರಿ ದಿನಕ್ಕೆ ಇಪ್ಪತ್ತೈದರ ಹತ್ತಿರ ಸೇದುತ್ತಿದ್ದವರು. ಡಿಸ್ಚಾರ್ಜ್ ಚೀಟಿಯಲ್ಲಿ "ಮನೋರೋಗದ ಔಷಧಿ ಹಿಂದಿನಂತೆಯೇ ಮುಂದುವರಿಸಿ" ಅಂತ ಒಂದೇ ಸಾಲು.

ಇಲ್ಲೇ ಎಲ್ಲ ಇತ್ತು.

ಕ್ಲೋಜಪೈನನ್ನು ಲಿವರ್‌ನಲ್ಲಿ ಒಡೆಯುವ ಮುಖ್ಯ ಕಿಣ್ವ ಸಿವೈಪಿ1ಎ2. ಸಿಗರೇಟ್ ಹೊಗೆಯಲ್ಲಿ ಟಾರಿನ ಜೊತೆ ಬರುವ ಪಾಲಿಸೈಕ್ಲಿಕ್ ಹೈಡ್ರೋಕಾರ್ಬನ್‌ಗಳು ಈ ಕಿಣ್ವ ಜಾಸ್ತಿ ತಯಾರಾಗುವಂತೆ ಮಾಡುತ್ತವೆ. ಅಂದರೆ ಸೇದುವವರ ಲಿವರ್ ಕ್ಲೋಜಪೈನನ್ನು ಬೇಗ ಬೇಗ ಮುಗಿಸುತ್ತದೆ, ಅದಕ್ಕೇ ಅವರಿಗೆ ದೊಡ್ಡ ಡೋಸ್ ಬೇಕಾಗುತ್ತದೆ. ಸೇದುವುದು ನಿಂತರೆ ಈ ಹೆಚ್ಚುವರಿ ಕಿಣ್ವ ಎರಡು ದಿನದೊಳಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಒಂದು ವಾರದಲ್ಲಿ ಸೇದದವರ ಮಟ್ಟಕ್ಕೆ ಬರುತ್ತದೆ. ನುಂಗುವ ಡೋಸ್ ಅಷ್ಟೇ ಇದ್ದರೂ ರಕ್ತದಲ್ಲಿ ಔಷಧಿ ಒಂದೂವರೆ ಪಟ್ಟು, ಕೆಲವರಲ್ಲಿ ಎರಡು ಪಟ್ಟು ಆಗಬಹುದು. ಈ ಕೆಲಸ ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ಈ ಒಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ, ಪ್ಯಾಚ್ ಇದೆಯಲ್ಲ, ಏನೂ ಆಗಲ್ಲ ಅಂದುಕೊಳ್ಳುತ್ತಾರೆ. ಪ್ಯಾಚ್ ಚಡಪಡಿಕೆ ತಗ್ಗಿಸುತ್ತದೆ, ಕಿಣ್ವವನ್ನು ಹಿಡಿದಿಡುವುದಿಲ್ಲ. ನಿಕೋಟಿನ್ ಚ್ಯೂಯಿಂಗ್ ಗಮ್ ಆದರೂ ಅಷ್ಟೇ, ತಂಬಾಕು ಸುಡದ ಇ-ಸಿಗರೇಟ್ ಆದರೂ ಅಷ್ಟೇ.

ಇನ್ನೊಂದು ಮಾತು. ಇಪ್ಪತ್ತೈದರಿಂದ ಹನ್ನೆರಡಕ್ಕೆ ಇಳಿಸಿದವರಲ್ಲಿ ಮಟ್ಟ ಅಷ್ಟೇನೂ ಬದಲಾಗದೇ ಇರಬಹುದು, ಯಾಕಂದರೆ ದಿನಕ್ಕೆ ಹತ್ತರ ಆಸುಪಾಸು ಸೇದಿದರೂ ಕಿಣ್ವ ಹೆಚ್ಚುಕಡಿಮೆ ಪೂರ್ತಿ ಏರಿರುತ್ತದೆ. ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುತ್ತಾ ಬಂದು ಏನೂ ಆಗಲಿಲ್ಲವಲ್ಲ ಅಂತ ನಿಶ್ಚಿಂತೆಯಿಂದ ಇರುವಾಗ, ಕೊನೆಯ ಕೆಲವನ್ನು ಬಿಟ್ಟ ವಾರದಲ್ಲಿ ಔಷಧಿ ಏರಿಬಿಡುತ್ತದೆ.

ಇವರಿಗೆ ಇನ್ನೊಂದು ಪೆಟ್ಟೂ ಬಿದ್ದಿತ್ತು. ದೊಡ್ಡ ಸೋಂಕು ಬಂದಾಗ ದೇಹದ ಉರಿಯೂತವೇ ಸಿವೈಪಿ1ಎ2ಅನ್ನು ತಗ್ಗಿಸುತ್ತದೆ. ನ್ಯುಮೋನಿಯಾ ಒಂದು ಕಡೆ, ಸಿಗರೇಟ್ ನಿಂತಿದ್ದು ಇನ್ನೊಂದು ಕಡೆ, ಎರಡೂ ಒಂದೇ ವಾರದಲ್ಲಿ. ಕ್ಲೋಜಪೈನ್‌ನಿಂದ ಜೊಲ್ಲು ಮತ್ತು ಮಂಪರು ಜಾಸ್ತಿಯಾದರೆ ಜೊಲ್ಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವೂ ಹೆಚ್ಚು. ಹಾಗಾಗಿ ಈ ಮಟ್ಟವನ್ನು ಹಾಗೇ ಬಿಟ್ಟಿದ್ದರೆ ಮತ್ತೊಂದು ಸೋಂಕಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಆಂಟಿಬಯಾಟಿಕ್ ಯಾವುದು ಅಂತಲೂ ನೋಡಿದೆ. ಸಿಪ್ರೋಫ್ಲಾಕ್ಸಸಿನ್ ಆಗಿದ್ದರೆ ಅದೂ ಈ ಕಿಣ್ವವನ್ನು ತಡೆಯುತ್ತದೆ. ಇವರಿಗೆ ಕೊಟ್ಟಿದ್ದು ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್, ಅದರಿಂದ ಈ ತೊಂದರೆ ಇಲ್ಲ. ಕಾಫಿ ಎಷ್ಟು ಅಂತ ಕೇಳಿದೆ. ಕೆಫೀನ್ ಕೂಡ ಇದೇ ಕಿಣ್ವದ ಮೇಲೆ ನಿಂತಿದೆ, ಜಾಸ್ತಿ ಕುಡಿದರೆ ಕ್ಲೋಜಪೈನ್ ಮಟ್ಟ ಏರುತ್ತದೆ. ಸಿಗರೇಟ್ ಬಿಟ್ಟ ಮೇಲೆ ಬಾಯಿಗೆ ಏನಾದರೂ ಬೇಕು ಅನ್ನಿಸಿ ದಿನಕ್ಕೆ ಏಳೆಂಟು ಕಪ್‌ಗೆ ಹೋಗಿತ್ತು.

ಇನ್ನೊಂದು ಪ್ರಶ್ನೆ ಕೇಳದೇ ಈ ರೋಗಿಯನ್ನು ಮನೆಗೆ ಕಳಿಸುವ ಹಾಗಿರಲಿಲ್ಲ. ಸಂಡಾಸಿಗೆ ಹೋಗಿ ಎಷ್ಟು ದಿನ ಆಯ್ತು? ಐದು ದಿನ. ಯಾರೂ ಕೇಳಿರಲಿಲ್ಲ, ಇವರಾಗಿ ಹೇಳಿರಲಿಲ್ಲ. ಕ್ಲೋಜಪೈನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ. ಮಟ್ಟ ಏರಿದ ಹಾಗೆಲ್ಲ ಅದು ಇನ್ನೂ ಜಾಸ್ತಿ. ಕೊನೆಗೆ ಕರುಳು ಪೂರ್ತಿ ನಿಂತು, ಕೊಳೆತು, ಜನ ಸತ್ತಿದ್ದಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಈ ಎಚ್ಚರಿಕೆಯನ್ನು ಮತ್ತಷ್ಟು ಗಟ್ಟಿ ಮಾಡಿತು.

ಇದರ ಬಗ್ಗೆ ನನಗೆ ನಿಜಕ್ಕೂ ಬೇಸರ ಇದೆ. 1975ರಲ್ಲಿ ಫಿನ್ಲೆಂಡ್‌ನಲ್ಲಿ ಕ್ಲೋಜಪೈನ್‌ನಿಂದ ಬಿಳಿ ರಕ್ತಕಣ ಕುಸಿದು ಎಂಟು ಜನ ಸತ್ತರು. ಔಷಧಿ ಹಲವು ದೇಶಗಳಲ್ಲಿ ಹಿಂದೆ ಸರಿಯಿತು. 1988ರ ಅಧ್ಯಯನವೊಂದರಲ್ಲಿ ಬೇರೆ ಔಷಧಿಗೆ ಬಗ್ಗದವರಲ್ಲಿ 30% ಜನ ಕ್ಲೋಜಪೈನ್‌ಗೆ ಸ್ಪಂದಿಸಿದರು, ಹಳೇ ಔಷಧಿ ಕ್ಲೋರ್‌ಪ್ರೊಮಜೈನ್‌ಗೆ ಬರೀ 4%. ಅದರ ಮರುವರ್ಷವೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಆದರೆ ರಕ್ತಕಣ ಎಣಿಸಬೇಕು ಅನ್ನುವ ಕಟ್ಟುನಿಟ್ಟಿನ ಜೊತೆ. ಆ ಎಣಿಕೆ ಬೇಕು, ಅದರಲ್ಲಿ ಎರಡು ಮಾತಿಲ್ಲ. 2025ರಲ್ಲಿ ಅಲ್ಲಿನ ಕಡ್ಡಾಯ ನೋಂದಣಿ ವ್ಯವಸ್ಥೆ ಹೋಯಿತು, ಆದರೂ ರಕ್ತ ಪರೀಕ್ಷೆ ಮಾಡಿಸಿ ಅನ್ನುವ ಸಲಹೆ ಹಾಗೇ ಇದೆ. ನನ್ನ ದೂರು ಏನೆಂದರೆ, ದಶಕಗಳ ಕಾಲ ಎಲ್ಲರ ಕಣ್ಣೂ ರಕ್ತಕಣದ ಮೇಲೇ ನೆಟ್ಟು, ಹೊಟ್ಟೆ ಮತ್ತು ಹೊಗೆ ಎರಡೂ ಪಟ್ಟಿಯಿಂದ ಜಾರಿಹೋದವು. ಈ ರೋಗಿಯ ಫೈಲಿನಲ್ಲಿ ಪ್ರತಿ ತಿಂಗಳ ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಸಂಖ್ಯೆ ತಪ್ಪದೇ ಇದೆ. ಸಿಗರೇಟ್ ಎಷ್ಟು ಅನ್ನುವುದು ಮೊದಲ ದಿನ ಬರೆದಿದ್ದು ಬಿಟ್ಟರೆ ಎಲ್ಲೂ ಇಲ್ಲ.

ಅವತ್ತು ಮಾಡಿದ್ದು ಹೇಳುತ್ತೇನೆ. ರಕ್ತ ಪರೀಕ್ಷೆಯ ದಿನ ಬೆಳಗಿನ ಮಾತ್ರೆ ನುಂಗದೇ ಬರಬೇಕು ಅಂತ ಇವರಿಗೆ ಅಭ್ಯಾಸವಾಗಿತ್ತು. ರಾತ್ರಿ ಡೋಸ್ ಆಗಿ ಸುಮಾರು ಹನ್ನೆರಡು ಗಂಟೆ. ಕ್ಲೋಜಪೈನ್ ಮಟ್ಟ ನೋಡಲು ಅದೇ ಸರಿಯಾದ ಹೊತ್ತು, ಮಾತ್ರೆ ನುಂಗಿ ಸ್ವಲ್ಪ ಹೊತ್ತಿಗೇ ರಕ್ತ ತೆಗೆದರೆ ಸಂಖ್ಯೆ ಸುಮ್ಮಸುಮ್ಮನೆ ಹೆದರಿಸುತ್ತದೆ. ನ್ಯೂಟ್ರೋಫಿಲ್, ಉರಿಯೂತ ತೋರಿಸುವ ಸಿಆರ್‌ಪಿ, ಹೃದಯಕ್ಕೆ ಪೆಟ್ಟು ಬಿದ್ದಿದ್ದರೆ ತೋರಿಸುವ ಟ್ರೋಪೋನಿನ್, ಎಲೆಕ್ಟ್ರೋಲೈಟ್, ಕಿಡ್ನಿ, ಲಿವರ್ ಜೊತೆಗೆ ಕ್ಲೋಜಪೈನ್ ಮಟ್ಟವನ್ನೂ ಕಳಿಸಿದೆ. ಇಸಿಜಿಯಲ್ಲಿ ನಾಡಿ ವೇಗ ಬಿಟ್ಟರೆ ಏನೂ ಇರಲಿಲ್ಲ, ಹೃದಯದ ಲಯಕ್ಕೆ ಅಪಾಯ ಇದೆಯಾ ಅಂತ ಹೇಳುವ ಕ್ಯೂಟಿಸಿ 438, ಅದೂ ಸರಿ. ಹೊಟ್ಟೆ ಮೆತ್ತಗಿತ್ತು, ಒತ್ತಿದರೆ ನೋವಿಲ್ಲ, ವಾಂತಿ ಇಲ್ಲ, ಗಾಳಿ ಹೋಗುತ್ತಿತ್ತು, ಸ್ಟೆತಾಸ್ಕೋಪ್ ಇಟ್ಟರೆ ಕರುಳಿನ ಸದ್ದು ಕೇಳುತ್ತಿತ್ತು. ಇದರಲ್ಲಿ ಒಂದು ಉಲ್ಟಾ ಆಗಿದ್ದರೂ ನೇರ ತುರ್ತು ವಿಭಾಗಕ್ಕೆ ಕಳಿಸುತ್ತಿದ್ದೆ.

ಮಟ್ಟದ ರಿಪೋರ್ಟ್ ಬರಲು ಕೆಲವು ದಿನ ಬೇಕು. ಅಷ್ಟು ದಿನ ಕಾಯುವುದಾ? ಇಲ್ಲ. ರೋಗಿಯ ಮೈಯೇ ಉತ್ತರ ಹೇಳುತ್ತಿರುವಾಗ ಕಾಗದಕ್ಕೆ ಕಾಯಬಾರದು. ನಮ್ಮ ಮನೋವೈದ್ಯರಿಗೆ ಫೋನ್ ಮಾಡಿದೆ. ಡೋಸ್ ಬದಲಿಸುವ ಅಧಿಕಾರ ಎಲ್ಲಿ ಎಷ್ಟು ಅನ್ನುವುದು ನಿಯಮದ ಪ್ರಶ್ನೆ, ಊರಿಂದೂರಿಗೆ ಬೇರೆ. ಆದರೆ ಅಧಿಕಾರ ಪೂರ್ತಿ ಇದ್ದರೂ, ಕ್ಲೋಜಪೈನ್ ಮೇಲಿರುವವರಿಗೆ ಮಯೋಕ್ಲೋನಸ್ ಬಂದಾಗ ಇನ್ನೊಬ್ಬರ ತಲೆ ಜೊತೆಗಿರಬೇಕು ಅಂತ ನನ್ನ ಅಭಿಪ್ರಾಯ. ಇಬ್ಬರೂ ಒಪ್ಪಿದ್ದು ಇಷ್ಟು: ಅವತ್ತಿನ ಬೆಳಗಿನ 150 ಬೇಡ, ರಾತ್ರಿ 200, ಮರುದಿನದಿಂದ ಬೆಳಿಗ್ಗೆ 100 ರಾತ್ರಿ 200. ಒಟ್ಟು 300.

ತೊಂದರೆ ಕಾಣುವ ಮೊದಲೇ ಸಿಗರೇಟ್ ಬಿಟ್ಟ ವಿಷಯ ಗೊತ್ತಾದರೆ ಇಷ್ಟು ಕತ್ತರಿಸುವುದು ಬೇಕಾಗುವುದಿಲ್ಲ. ಆಗ ಬಿಡುವ ಮುಂಚೆ ಒಂದು ಮಟ್ಟ ನೋಡಿ, ಮೊದಲ ವಾರದಲ್ಲಿ ಹಂತಹಂತವಾಗಿ ಸುಮಾರು ಕಾಲು ಭಾಗ ಇಳಿಸಿ, ವಾರ ಕಳೆದ ಮೇಲೆ ಮತ್ತೆ ಮಟ್ಟ ನೋಡಿ ಮುಂದಿನದು ನಿರ್ಧರಿಸುವುದು ರೂಢಿ. ಇವರದು ಮೂರು ವಾರ ಕಳೆದು, ಲಕ್ಷಣ ಮೈ ಮೇಲೆ ಬಂದಿದ್ದರಿಂದ ಮೂರನೇ ಒಂದು ಭಾಗ ಇಳಿಸಿದೆವು.

ಪೂರ್ತಿ ಯಾಕೆ ನಿಲ್ಲಿಸಲಿಲ್ಲ ಅಂತ ಕೇಳುವವರಿದ್ದಾರೆ. ಕ್ಲೋಜಪೈನ್ 48 ಗಂಟೆಗಿಂತ ಜಾಸ್ತಿ ತಪ್ಪಿದರೆ ಹಳೇ ಡೋಸ್‌ಗೆ ನೇರ ವಾಪಸ್ ಹೋಗುವಂತಿಲ್ಲ, 12.5 ಮಿಲಿಗ್ರಾಂನಿಂದ ಮತ್ತೆ ಏರಿಸುತ್ತಾ ಬರಬೇಕು. ಆ ವಾರಗಳಲ್ಲಿ ದನಿಗಳು ವಾಪಸ್ ಬರಬಹುದು. ಥಟ್ಟನೆ ನಿಲ್ಲಿಸಿದರೆ ವಾಂತಿ, ಬೆವರು, ನಿದ್ದೆಗೇಡು ಬೇರೆ. ಹತ್ತು ಹನ್ನೆರಡು ವರ್ಷ ಒದ್ದಾಡಿ ಸಿಕ್ಕ ನೆಮ್ಮದಿಯನ್ನು ಹೆದರಿಕೆಯಲ್ಲಿ ಎಸೆಯಬಾರದು ಅಲ್ವಾ?

ಫಿಟ್ಸ್ ತಡೆಯಲು ವಾಲ್‌ಪ್ರೊಯೇಟ್ ಸೇರಿಸುವ ಮಾತೂ ಬಂತು. ಕಾರಣವೇ ಕೈಗೆ ಸಿಕ್ಕಿರುವಾಗ ಮೊದಲು ಅದನ್ನು ಸರಿಮಾಡಿ ನೋಡೋಣ, ಎರಡು ದಿನದಲ್ಲಿ ಎಳೆತ ಇಳಿಯದಿದ್ದರೆ ಆಗ ಸೇರಿಸೋಣ ಅಂತ ತೀರ್ಮಾನಿಸಿದೆವು. ಫಿಟ್ಸ್‌ಗೆ ಕೊಡುವ ಇನ್ನೊಂದು ಔಷಧಿ ಕಾರ್ಬಮಜೆಪೈನ್ ಮಾತ್ರ ಇಲ್ಲಿ ಬೇಡವೇ ಬೇಡ, ಕ್ಲೋಜಪೈನ್‌ನಂತೆ ಅದೂ ರಕ್ತಕಣ ತಯಾರಾಗುವ ಮೂಳೆ ಮಜ್ಜೆಗೆ ಪೆಟ್ಟು ಕೊಡಬಲ್ಲದು. ಎಳೆತಕ್ಕೆಂದು ಲೊರಾಜೆಪಾಮ್ ಕೊಡಲೂ ಇಲ್ಲ, ಮೊದಲೇ ಮಂಪರಿನಲ್ಲಿದ್ದವರಿಗೆ ಕ್ಲೋಜಪೈನ್ ಜೊತೆ ಅದು ಸೇರಿದರೆ ಉಸಿರಾಟ ತಗ್ಗುವ ಭಯ. ಹೊಟ್ಟೆಗೆ ಸೆನ್ನಾ ಮತ್ತು ಪಾಲಿಎಥಿಲೀನ್ ಗ್ಲೈಕಾಲ್ ಕೊಟ್ಟೆವು. ಇಸಬ್‌ಗೋಲು ಬೇಡ ಅಂತ ಅಕ್ಕನಿಗೆ ಬಿಡಿಸಿ ಹೇಳಿದೆ, ಕರುಳೇ ಚಲಿಸದಿರುವಾಗ ಗಾತ್ರ ಹೆಚ್ಚಿಸುವ ಪುಡಿ ಒಳಗೇ ಗಟ್ಟಿಯಾಗಿ ಕೂರಬಹುದು. ಹೊಟ್ಟೆ ಉಬ್ಬಿದರೆ, ನೋವು ಬಂದರೆ, ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ನನಗೆ ಫೋನ್ ಮಾಡುತ್ತಾ ಕೂರದೆ ನೇರ ತುರ್ತು ವಿಭಾಗ. ಅಕ್ಕ ಇದನ್ನು ತಾವೇ ಬರೆದುಕೊಂಡು ನನಗೆ ಓದಿ ಹೇಳಿದರು. ಗಾಡಿ ಓಡಿಸುವುದು, ಮೆಟ್ಟಿಲ ಮೇಲೆ ಒಬ್ಬರೇ ಇಳಿಯುವುದು ಸದ್ಯಕ್ಕೆ ಇಲ್ಲ. ಕಾಫಿ ಹಿಂದಿನಂತೆ ಎರಡು ಕಪ್.

ಮನೆಗೆ ಹೊರಡುವ ಮುಂಚೆ ಆ ಮನುಷ್ಯ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದ್ರೆ ಮತ್ತೆ ಸೇದಬೇಕಾ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೇ ಎಷ್ಟು ಜನ ವಾಪಸ್ ಸಿಗರೇಟ್‌ಗೆ ಹೋಗಿದ್ದಾರೋ. ಸ್ಕಿಜೋಫ್ರೇನಿಯಾ ಇರುವವರು ಬೇರೆಯವರಿಗಿಂತ ಬೇಗ ಸಾಯುತ್ತಾರೆ, ಅದರಲ್ಲಿ ಹೃದಯ ಮತ್ತು ಶ್ವಾಸಕೋಶದ ಕಾಯಿಲೆಗಳ ಪಾಲು ದೊಡ್ಡದು. ಇವರು ಮಾಡಿದ್ದು ತುಂಬಾ ಒಳ್ಳೆಯ ಕೆಲಸ. "ಬೇಡ, ನೀವು ಬಿಟ್ಟಿದ್ದು ಸರಿ. ಈಗ ನಿಮಗೆ ಕಡಿಮೆ ಮಾತ್ರೆ ಸಾಕು, ಅಷ್ಟೇ" ಅಂದೆ. ಬಿಟ್ಟಿದ್ದು ಉಳಿಯಲು ಸಹಾಯ ಬೇಕಾದರೆ ಪ್ಯಾಚ್ ಮುಂದುವರಿಸಬಹುದು, ವರೆನಿಕ್ಲಿನ್ ಕೊಡಬಹುದು. ವರೆನಿಕ್ಲಿನ್ ಮಾನಸಿಕ ಕಾಯಿಲೆಯವರಿಗೆ ಅಪಾಯ ಅನ್ನುವ ಹಳೇ ಭಯ ಇನ್ನೂ ಇದೆ, ಆದರೆ 2016ರಲ್ಲಿ ಬಂದ ದೊಡ್ಡ ಅಧ್ಯಯನದ ಮೇಲೆ ಎಫ್‌ಡಿಎ ಅದರ ಪೆಟ್ಟಿಗೆ ಎಚ್ಚರಿಕೆಯನ್ನು (ಔಷಧಿಯ ಮಾಹಿತಿ ಚೀಟಿಯಲ್ಲಿ ಚೌಕಟ್ಟು ಹಾಕಿ ಕೊಡುವ ಗಂಭೀರ ಎಚ್ಚರಿಕೆ) ತೆಗೆದುಹಾಕಿತು. ಸಿಗರೇಟ್ ಬಿಡಿಸಲು ಕೊಡುವ ಇನ್ನೊಂದು ಮಾತ್ರೆ ಬುಪ್ರೋಪಿಯಾನ್ ಇವರಿಗೆ ಬೇಡ, ಅದು ಫಿಟ್ಸ್ ಅಪಾಯ ಹೆಚ್ಚಿಸುತ್ತದೆ.

ಮರುದಿನ ಫೋನ್‌ನಲ್ಲಿ ಅಕ್ಕ ಹೊಟ್ಟೆ ಖಾಲಿಯಾಯಿತು ಅಂದರು. ಎರಡನೇ ದಿನಕ್ಕೆ ಎಳೆತ ನಿಂತಿತು, ವಾಲ್‌ಪ್ರೊಯೇಟ್ ಬೇಕಾಗಲಿಲ್ಲ. ನಾಲ್ಕನೇ ದಿನ ರಿಪೋರ್ಟ್ ಬಂತು, ಕ್ಲೋಜಪೈನ್ 980. ಟ್ರೋಪೋನಿನ್ ಸರಿ, ನ್ಯೂಟ್ರೋಫಿಲ್ ಸರಿ, ಸಿಆರ್‌ಪಿ ಸ್ವಲ್ಪ ಜಾಸ್ತಿ. ಒಂದು ವಾರಕ್ಕೆ 300 ಮಿಲಿಗ್ರಾಂ ಮೇಲೆ ಮಟ್ಟ 590. ಎಚ್ಚರ ಚೆನ್ನಾಗಿತ್ತು, ಬಿಪಿ ಇಳಿತ ಕಡಿಮೆಯಾಗಿತ್ತು, ಆದರೆ ಜೊಲ್ಲು ಇನ್ನೂ ಇತ್ತು. 590 ಮಿತಿಯೊಳಗೇ ಇದೆ, ಬಿಡೋಣ ಅನ್ನಬಹುದಿತ್ತು. ಹಿಂದೆ 420ರಲ್ಲೇ ದನಿಗಳಿಲ್ಲದೆ ಇದ್ದವರಿಗೆ 590 ಯಾಕೆ ಬೇಕು? ಹಾಗಾಗಿ ಬೆಳಿಗ್ಗೆ 50, ರಾತ್ರಿ 200ಕ್ಕೆ ಇಳಿಸಿದೆವು. ಇನ್ನೆರಡು ವಾರಕ್ಕೆ ಮಟ್ಟ 470. ಅಲ್ಲಿಗೆ ನಿಲ್ಲಿಸಿದೆವು. 450ರಲ್ಲಿ ನೆಮ್ಮದಿಯಾಗಿದ್ದ ಮನುಷ್ಯ ಈಗ 250ರಲ್ಲಿ ಅಷ್ಟೇ ನೆಮ್ಮದಿಯಾಗಿ ಇದ್ದರು.

ಫೈಲಿನ ಮೊದಲ ಪುಟದಲ್ಲಿ ಅಲರ್ಜಿ ಬರೆಯುವ ಜಾಗದ ಪಕ್ಕದಲ್ಲೇ "ಕ್ಲೋಜಪೈನ್, ಸೇದದಿರುವ ಡೋಸ್ 250, ಸೇದುವಾಗಿನ ಡೋಸ್ 450" ಅಂತ ಬರೆದೆ. ಮನೆ ಡಾಕ್ಟರಿಗೂ ಆಸ್ಪತ್ರೆಗೂ ಇದೇ ವಿಷಯದ ಕಾಗದ ಹೋಯಿತು. ಓಲಾಂಜಪೈನ್ ಕೂಡ ಇದೇ ಕಿಣ್ವದಿಂದ ಒಡೆಯುತ್ತದೆ, ಅದನ್ನು ತೆಗೆದುಕೊಳ್ಳುವ ಬೇರೆ ರೋಗಿಗಳಿಗೂ ಈ ಪ್ರಶ್ನೆ ಕೇಳಿ ಅಂತ ಅದರಲ್ಲೇ ಸೇರಿಸಿದೆ. ಖಿನ್ನತೆಗೋ ಗೀಳಿಗೋ ಯಾರಾದರೂ ಫ್ಲೂವಾಕ್ಸಮೈನ್ ಬರೆಯುವ ಮುಂಚೆ ನಮಗೊಂದು ಫೋನ್ ಮಾಡಿ ಅಂತಲೂ ಸೇರಿಸಿದೆ, ಅದು ಕ್ಲೋಜಪೈನ್ ಮಟ್ಟವನ್ನು ಹಲವು ಪಟ್ಟು ಏರಿಸಬಲ್ಲದು.

ಮತ್ತೆ ಸೇದಿದರೆ ಏನು ಅನ್ನುವುದನ್ನೂ ಮೊದಲೇ ಮಾತಾಡಿಟ್ಟೆವು. ಆಗ ಕಿಣ್ವ ಮತ್ತೆ ಏರುತ್ತದೆ, ಮಟ್ಟ ಕುಸಿಯುತ್ತದೆ, ದನಿಗಳು ವಾಪಸ್ ಬರಬಹುದು. ಸೇದಿದ್ದಕ್ಕೆ ನಾನು ಬೈಯುವುದಿಲ್ಲ, ಆದರೆ ಅದೇ ದಿನ ಗೊತ್ತಾಗಬೇಕು ಅಂತ ಹೇಳಿದ್ದೆ.

ನಾಲ್ಕನೇ ತಿಂಗಳಲ್ಲಿ ಅವರೇ ಫೋನ್ ಮಾಡಿದರು. ಮೂರು ದಿನದಿಂದ ದಿನಕ್ಕೆ ನಾಲ್ಕೈದು ಸೇದುತ್ತಿದ್ದೇನೆ ಅಂದರು. ಬಂದು ಮಟ್ಟಕ್ಕೆ ರಕ್ತ ಕೊಟ್ಟರು, ಡೋಸ್ ಮುಟ್ಟಲಿಲ್ಲ, ವರೆನಿಕ್ಲಿನ್ ಶುರು ಮಾಡಿದೆವು. ಮಟ್ಟ 390 ಬಂತು, ದನಿಗಳಿಲ್ಲ. ಎರಡು ವಾರದಲ್ಲಿ ಸೇದುವುದು ಮತ್ತೆ ನಿಂತಿತು, 250 ಹಾಗೇ ಮುಂದುವರಿದಿದೆ.